ಮಂಗಳವಾರ ಮಾತ್ರ ತೆರೆಯುವ ಮನೆ

೯ ಜನವರಿ

ಮನೆ ಬ್ರೋಕರ್ ಅವರಿಗೆ,

ನಮಸ್ಕಾರ. ಕೀಲಿಕೈ ಎರಡನ್ನೂ ನನ್ನ ತಂಗಿ ನಿಮ್ಮ ಕೈಗೆ ಕೊಟ್ಟು ಬಂದಿದ್ದಾಳೆ. ದೊಡ್ಡದು ಮುಂಬಾಗಿಲಿನದು, ತುದಿ ಸವೆದದ್ದು ಹಿತ್ತಿಲಿನದು. ಹಿತ್ತಿಲಿನದನ್ನು ಅರ್ಧ ತಿರುಗಿಸಿ ಒಮ್ಮೆ ಮೇಲಕ್ಕೆತ್ತಬೇಕು, ಇಲ್ಲದಿದ್ದರೆ ಸಂಜೆಯವರೆಗೂ ಅಲ್ಲೇ ನಿಂತಿರುತ್ತೀರಿ.

ಎರಡು ಕೋಣೆ, ನಡುಮನೆ, ಗಾಳಿ ಬರುವ ಅಡುಗೆಮನೆ, ಇವನ್ನೆಲ್ಲ ನೀವೇ ನೋಡಿ ಬರೆದುಕೊಳ್ಳಿ. ಆದರೆ ಜಾಹೀರಾತಿನಲ್ಲಿ ಏನು ಬಿಟ್ಟರೂ ಒಂದು ಮಾತು ಬಿಡಬೇಡಿ: ಸದ್ದಿಲ್ಲದ ಮನೆ. ನಾನು ಬಟ್ಟೆ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗಗಳ ಮಧ್ಯೆ ನಿಂತವಳು. ಕೆಲಸ ಬಿಡುವಾಗ ಕೈಗೆ ಬಂದದ್ದನ್ನೆಲ್ಲ ಸುರಿದು ಈ ಮನೆ ಕೊಂಡದ್ದು ಆ ಒಂದೇ ಕಾರಣಕ್ಕೆ. ಮನೆ ನೋಡಲು ಬಂದ ದಿನ ನಡುಮನೆಯಲ್ಲಿ ನಿಂತು, "ಇಲ್ಲಿ ಗೋಡೆ ಗಡಿಯಾರದ ಸದ್ದೂ ಕೇಳ್ಸುತ್ತೆ ನೋಡ್ರೀ" ಅಂತ ನಮ್ಮವರಿಗೆ ಹೇಳಿದ್ದೆ.

ನಮ್ಮವರು ತೀರಿಕೊಂಡು ವರ್ಷವಾಯಿತು. ಈಗ ದೂರದ ಊರಲ್ಲಿ ತಂಗಿಯ ಮನೆಯ ನಡುಮನೆಯಲ್ಲಿ ಮಲಗುತ್ತೇನೆ. ಆರು ಜನ ನನ್ನ ಕಾಲು ದಾಟಿಕೊಂಡು ಓಡಾಡುತ್ತಾರೆ. ಒಳ್ಳೆಯವರೇ, ಆದರೂ ಕಾಲು ನನ್ನದಲ್ಲವೇ? ಪಕ್ಕದ ಮನೆಯ ಮಹಡಿಯಲ್ಲಿ ಒಂದು ಒಂಟಿ ಕೋಣೆ ಮಾರಾಟಕ್ಕಿದೆ, ಅದಕ್ಕೆ ಬೇರೆಯೇ ಮೆಟ್ಟಿಲು. ಅದರ ಯಜಮಾನರು ಏಪ್ರಿಲ್ ಕೊನೆಯವರೆಗೆ ಕಾಯುತ್ತಾರಂತೆ. ಅಷ್ಟರಲ್ಲಿ ನನ್ನ ಮನೆ ಹೋದರೆ ಆ ಕೋಣೆ ನನ್ನದಾಗುತ್ತದೆ.

ಫೋನು ಮಾಡಬೇಡಿ. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ನಿಲ್ಲುತ್ತದೆ. ತಂಗಿಯ ಫೋನಿಗೆ ಮೆಸೇಜೂ ಬೇಡ. ಅದು ಮನೆಮಂದಿಯೆಲ್ಲ ಓದಿ ಮುಗಿಸಿದ ಮೇಲೆ ನನಗೆ ಸಿಗುತ್ತದೆ.

ಇತಿ,
ಮನೆ ಯಜಮಾನಿ

೧೭ ಜನವರಿ

ಮಾನ್ಯರೇ,

ನಿಮ್ಮ ಕಾಗದ ಬಂತು. ಈ ಕಾಲದಲ್ಲಿ ಎಲ್ಲವನ್ನೂ ಬರವಣಿಗೆಯಲ್ಲೇ ಕೇಳುವವರು ಅಪರೂಪ. ವ್ಯವಹಾರ ಬಲ್ಲವರು ಅಂತ ಮೊದಲ ಸಾಲಿಗೇ ಗೊತ್ತಾಯಿತು.

ಮನೆ ನೋಡಿದೆ. ನಡುಮನೆಯ ಕಪ್ಪು ಪರದೆ ತೆಗೆಸಿದ್ದೇನೆ, ಬೆಳಕು ಬರಲಿ. ಕೋಣೆಯ ಬೀರು ಒಂದು ಮೊಳ ಸರಿಸಿದ್ದೇನೆ, ಗೋಡೆಯ ಬಿರುಕು ಅದರ ಹಿಂದೆ ಮರೆಯಾಯಿತು. ಹಿತ್ತಿಲ ಬಾಗಿಲಿನ ಮುಂದೆ ನಾನು ನಿಂತದ್ದು ಹದಿನೈದು ನಿಮಿಷ ಮಾತ್ರ.

"ಸದ್ದಿಲ್ಲದ ಮನೆ" ಅನ್ನುವ ಮಾತು ಓದಿ ಜೋರಾಗಿ ನಕ್ಕುಬಿಟ್ಟೆ. ಶಭಾಷ್! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಮನೆ ಮಾರಲು ಅಷ್ಟೆಲ್ಲ ಬೇಡ. ಅದನ್ನು ನನಗೆ ಬಿಡಿ, ಹೇಗೆ ನಡೆಸಬೇಕೋ ಹಾಗೆ ನಡೆಸುತ್ತೇನೆ.

ನಿಮ್ಮ ವಿಶ್ವಾಸಿ,
ಬ್ರೋಕರ್

೨೦ ಫೆಬ್ರವರಿ

ಬ್ರೋಕರ್ ಅವರೇ,

ನೀವು ಯಾಕೆ ನಕ್ಕಿರೋ ನನಗೆ ತಿಳಿಯಲಿಲ್ಲ. ತಿಳಿಯುವುದೂ ಬೇಡ. ಬೀರು ಇದ್ದಲ್ಲಿಗೆ ವಾಪಸ್ ಇಡಿ. ಬಿರುಕಿದ್ದರೆ ಬಂದವರು ನೋಡಲಿ, ಗೋಡೆ ಅಂದ ಮೇಲೆ ಬಿರುಕು ಬಿಡುತ್ತದೆ.

ವಿಷಯ ಅದಲ್ಲ. ಎದುರು ಮನೆಯ ಟೀಚರಮ್ಮ ಬರೆದಿದ್ದಾರೆ: "ನಿಮ್ಮ ಮನೆ ಬೀಗ ಮಂಗಳವಾರ ಮಾತ್ರ ತೆಗೀತಾರೆ. ಮೊನ್ನೆ ಗುರುವಾರ ಗಂಡ ಹೆಂಡತಿ ಇಬ್ಬರು ಗೇಟಿನವರೆಗೂ ಬಂದಿದ್ದರು, ನಿಮ್ಮ ಬ್ರೋಕರ್ ಕೈಮುಗಿದು ವಾಪಸ್ ಕಳಿಸಿದ." ನಿಜವೋ? ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತಲ್ಲ! ವಾರಕ್ಕೆ ಏಳು ದಿನ ಇವೆ. ಉಳಿದ ಆರು ದಿನ ನನ್ನ ಮನೆ ಏನು ಪಾಪ ಮಾಡಿದೆ?

ಇತಿ,
ಮನೆ ಯಜಮಾನಿ

೨೭ ಫೆಬ್ರವರಿ

ಮಾನ್ಯರೇ,

ಮಂಗಳವಾರ ನನಗೆ ಬಿಡುವು. ಬಂದವರಿಗೆ ಸಾವಕಾಶವಾಗಿ ತೋರಿಸಬಹುದು. ಅಲ್ಲದೆ ಆ ದಿನ ಮನೆಯಲ್ಲಿ ಒಂದು ತರಹ ಬೆಳಕಿರುತ್ತದೆ. ಹದಿನೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಸ್ವಲ್ಪ ನಂಬಿಕೆ ಇಡಿ. ಬೀರು ವಾಪಸ್ ಇಟ್ಟಿದ್ದೇನೆ.

ಬ್ರೋಕರ್

೬ ಮಾರ್ಚ್

ಬ್ರೋಕರ್ ಅವರೇ,

ಮಂಗಳವಾರಕ್ಕೆ ಅಂತ ಬೇರೆ ಸೂರ್ಯ ಹುಟ್ಟುತ್ತಾನೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಮೂಗಿಗೆ ತುಪ್ಪ ಸವರಬೇಡಿ.

ಬಂದವರನ್ನೆಲ್ಲ ಓಡಿಸಿ, ನಾನು ಸೋತು ಸುಣ್ಣವಾದ ಮೇಲೆ ಸಿಕ್ಕಷ್ಟಕ್ಕೆ ನಿಮ್ಮವರಿಗೇ ಕೊಡಿಸುವ ಯೋಚನೆ ಅಂತ ತಂಗಿಯ ಗಂಡ ಹೇಳುತ್ತಾರೆ. ನನಗೂ ಹಾಗೆಯೇ ಅನ್ನಿಸುತ್ತಿದೆ. ಏಪ್ರಿಲ್ ದೂರವಿಲ್ಲ. ಹದಿನೈದರೊಳಗೆ ಸರಿಯಾದ ಉತ್ತರ ಬರದಿದ್ದರೆ ಕೀಲಿಕೈ ಬೇರೆಯವರ ಕೈಗೆ.

ಮನೆ ಯಜಮಾನಿ

೧೨ ಮಾರ್ಚ್

ಅಮ್ಮಾ,

ನಾನೂ ಮನುಷ್ಯ, ನನಗೂ ಸಿಟ್ಟು ಬರುತ್ತದೆ.

ಮೊದಲು ಒಳ್ಳೆಯ ಸುದ್ದಿ. ಪಾರ್ಟಿ ಸಿಕ್ಕಿದ್ದಾರೆ. ಆಸ್ಪತ್ರೆಯಲ್ಲಿ ನರ್ಸು, ಒಬ್ಬರೇ ಇರುವವರು. ಹತ್ತು ವರ್ಷದಿಂದ ರಾತ್ರಿ ಪಾಳಿ, ನಿದ್ದೆಯೆಲ್ಲ ಹಗಲು ಹೊತ್ತಿನಲ್ಲಿ. ಮಂಗಳವಾರ ಬಂದು ನಡುಮನೆಯಲ್ಲಿ ಕಣ್ಣು ಮುಚ್ಚಿ ಐದು ನಿಮಿಷ ಕೂತರು. "ಇಂಥದ್ದೇ ಹುಡುಕ್ತಿದ್ದೆ" ಅಂದರು. ನೀವು ಕೇಳಿದ ಬೆಲೆಗೆ ಒಪ್ಪಿ ಮುಂಗಡ ಕೊಟ್ಟಿದ್ದಾರೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಡಿ.

ಇನ್ನು ಮಂಗಳವಾರದ ಮಾತು. ನಾಟಕ ಸಾಕಮ್ಮಾ. ನಿಮ್ಮ ಹಿತ್ತಿಲ ಗೋಡೆಗೆ ಅಂಟಿಕೊಂಡು ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆ ಇದೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಿಮ್ಮ ಮನೆಯಲ್ಲಿ ನಿಂತು ನಿಮ್ಮ ಹೆಸರು ಹೇಳಿದರೆ ನಿಮಗೇ ಕೇಳಿಸುವುದಿಲ್ಲ. ಅದಕ್ಕೆ ರಜೆ ಇರುವುದು ಮಂಗಳವಾರ. ಇದು ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ಸುಳ್ಳನ್ನು ನಾನು ಕಾಪಾಡುತ್ತಿದ್ದರೆ ನನ್ನನ್ನೇ ಕಳ್ಳ ಅಂತೀರಲ್ಲ!

ಬ್ರೋಕರ್

೧೭ ಮಾರ್ಚ್

ಯಾವ ಕಾರ್ಖಾನೆ?

೨೫ ಮಾರ್ಚ್

ಅಮ್ಮಾ,

ನಿಮ್ಮ ಎರಡು ಪದದ ಕಾಗದ ನೋಡಿ ಮೊದಲು ಇನ್ನೊಂದು ನಾಟಕ ಅಂದುಕೊಂಡೆ. ನನ್ನ ಹೆಂಡತಿ ತಿರುಗಿಸಿ ಮುರುಗಿಸಿ ನೋಡಿ, "ಇದು ನಾಟಕ ಅಲ್ಲ ಕಣ್ರೀ, ಕೊನೆಗೆ 'ಇತಿ' ಹಾಕೋದನ್ನೂ ಮರೆತಿದ್ದಾರೆ" ಅಂದಳು. ಕಾರ್ಖಾನೆಗೆ ಹೋದೆ. ಅಲ್ಲಿನ ಮೇಸ್ತ್ರಿ ನನ್ನನ್ನು ಹೊರಗೆ ಕರೆದುಕೊಂಡು ಬಂದು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಆ ಅಮ್ಮನಿಗೆ ಕಿವಿ ಕೇಳ್ಸಲ್ಲ ಸಾರ್, ನಿಮಗೆ ಗೊತ್ತಿಲ್ವಾ? ಆರು ವರ್ಷದ ಹಿಂದೆ ನಾವು ಇಲ್ಲಿ ಕೆಲಸ ಶುರು ಮಾಡಿದ ವಾರಾನೇ ಅವರ ಯಜಮಾನ್ರು ಬಂದ್ರು. ಜಗಳಕ್ಕೆ ಬಂದ್ರು ಅಂದ್ಕೊಂಡೆ. ಅವರು ಕೈ ಹಿಡ್ಕೊಂಡು, 'ಬೋರ್ಡು ನಮ್ಮ ಬೀದಿ ಕಡೆ ಹಾಕ್ಬೇಡಿ, ಆ ಕಡೆ ಹಾಕಿ. ಅವಳು ಸದ್ದಿಲ್ಲದ ಮನೆ ಅಂತ ಆಸೆಪಟ್ಟು ತಗೊಂಡಿರೋದು. ಅವಳ ಪಾಲಿಗೆ ಅದು ಹಾಗೇ ಇರ್ಲಿ' ಅಂದ್ರು. ಅವತ್ತಿಂದ ಬೋರ್ಡು ಆ ಕಡೆನೇ ಇದೆ."

ಕಿವಿಯ ವಿಷಯ ನೀವು ಹೇಳಲಿಲ್ಲ, ನಾನು ತಿಳಿಯದೆ ನಕ್ಕೆ. ಕ್ಷಮಿಸಿ.

ಬ್ರೋಕರ್

೫ ಏಪ್ರಿಲ್

ಬ್ರೋಕರ್ ಅವರೇ,

ಉತ್ತರ ಒಂದು ವಾರ ತಡವಾಯಿತು. ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೇ ಇತ್ಯರ್ಥವಾಗಲಿಲ್ಲ.

ಹೌದು, ನಾನು ಕಿವುಡಿ. ಗಿರಣಿಯಲ್ಲೇ ಅರ್ಧ ಹೋಗಿತ್ತು, ಉಳಿದದ್ದು ಎಂಟು ವರ್ಷದ ಹಿಂದೆ ಹೋಯಿತು. ಕಿವುಡಿ, ಮೇಲೆ ವಿಧವೆ ಅಂತ ಗೊತ್ತಾದರೆ ಬ್ರೋಕರು ತಲೆ ಬೋಳಿಸುತ್ತಾನೆ ಅಂತ ನಿಮಗೆ ಹೇಳಲಿಲ್ಲ. ತಂಗಿಗೂ ಹೇಳಬೇಡ ಅಂದಿದ್ದೆ.

ಮಗ್ಗಗಳ ಮಧ್ಯೆ ಯಾರ ಮಾತೂ ಯಾರಿಗೂ ಕೇಳಿಸದು. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದು. ನಮ್ಮವರಿಗೂ ಅದನ್ನೇ ಕಲಿಸಿದೆ. ಮನೆಯಲ್ಲಿ ಇಬ್ಬರೂ ತುಟಿಯಲ್ಲೇ ದಿನವಿಡೀ ಹರಟುತ್ತಿದ್ದೆವು. ಆ ಮನುಷ್ಯ ಒಂದು ದಿನವೂ ಮುಖ ಕಿವುಚಲಿಲ್ಲ, ಒಂದು ದಿನವೂ ಕಿವಿ ಮುಚ್ಚಿಕೊಳ್ಳಲಿಲ್ಲ. ನಾನು ನೋಡುತ್ತೇನಲ್ಲ, ಅದಕ್ಕೆ. ಹಿಂದೆ ಏನು ಕಟ್ಟಡ ಅಂತ ಕೇಳಿದರೆ "ಗೋದಾಮು" ಅಂದರು. ಕಾಲಡಿ ನೆಲ ಅದುರುತ್ತದಲ್ಲ ಅಂದರೆ "ಲಾರಿ" ಅಂದರು. ಇಪ್ಪತ್ತಾರು ವರ್ಷ ಮೆಷಿನ್ನಿನ ಜೊತೆ ಬಾಳಿದವಳು ನಾನು, ಲಾರಿಗೂ ಮೆಷಿನ್ನಿಗೂ ವ್ಯತ್ಯಾಸ ಗೊತ್ತಾಗಬೇಕಿತ್ತು. ಅವರು ಹೇಳಿದರು, ನಂಬಿದೆ.

ತಲೆನೋವು ಅನ್ನುತ್ತಿದ್ದರು. ಕನ್ನಡಕ ಸರಿಯಿಲ್ಲ, ಬದಲಾಯಿಸಿ ಅಂತ ಬೈಯುತ್ತಿದ್ದೆ. ಮೂರು ಸಲ ಬದಲಾಯಿಸಿದರು, ಪಾಪ. ಈ ಕಾಗದ ಬರೆಯುತ್ತಾ ಅಳುತ್ತಿದ್ದೇನೆ, ತಂಗಿಯ ಮನೆಯವರು ಮನೆ ಮಾರಾಟ ಮುರಿದುಬಿತ್ತೇನೋ ಅಂತ ಗಾಬರಿಯಾಗಿದ್ದಾರೆ. ಟೀಚರಮ್ಮನಿಗೂ ಗೊತ್ತಿತ್ತಂತೆ. ಇಡೀ ಬೀದಿಗೆ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಈಗ ಒಂದು ಪ್ರಶ್ನೆ. ಆ ನರ್ಸಮ್ಮನಿಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಹೇಳಿ. ಬುಧವಾರ ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗಿ ನಡುಮನೆಯಲ್ಲಿ ಕೂರಿಸಿ.

ಇತಿ

೧೧ ಏಪ್ರಿಲ್

ಅಮ್ಮಾ,

ಕರಾರು ಪತ್ರ ಇದರ ಜೊತೆ ಇಟ್ಟಿದ್ದೇನೆ. ಗುರುತು ಹಾಕಿದ ಮೂರು ಕಡೆ ಸಹಿ ಮಾಡಿ ಕಳಿಸಿ.

ನರ್ಸಮ್ಮನಿಗೆ "ಹಿಂದೆ ಏನೋ ಸಣ್ಣಪುಟ್ಟ ಕೆಲಸ ನಡೆಯುತ್ತೆ" ಅಂತ ಹೇಳಿದ್ದೇನೆ. ಅವರು ಏನೂ ಅನ್ನಲಿಲ್ಲ. ಬುಧವಾರ ಅವರಿಗೆ ಬಿಡುವಿಲ್ಲ.

ಮಗನ ಹಾಗೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಪಾರ್ಟಿ ಹೋದರೆ ಆ ಮಹಡಿ ಕೋಣೆಯೂ ಹೋಗುತ್ತದೆ. ಮನುಷ್ಯ ಯಾವುದಕ್ಕಾದರೂ ಒಗ್ಗುತ್ತಾನೆ, ಅವರೂ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ. ನಿಮ್ಮ ಯಜಮಾನರೇ ಐದು ವರ್ಷ ಬಚ್ಚಿಟ್ಟರಲ್ಲ, ಅದನ್ನು ತಪ್ಪು ಅಂತೀರಾ? ನಾನು ಬಚ್ಚಿಟ್ಟದ್ದೂ ನಿಮ್ಮ ಒಳ್ಳೆಯದಕ್ಕೇ.

ಬ್ರೋಕರ್

೧೮ ಏಪ್ರಿಲ್

ಬ್ರೋಕರ್ ಅವರೇ,

ಅವರು ಬಚ್ಚಿಟ್ಟದ್ದು ಕಿವಿ ಇಲ್ಲದವಳಿಂದ. ನೀವು ಬಚ್ಚಿಡುತ್ತಿರುವುದು ಕಿವಿ ಇರುವವಳಿಂದ. ಅದೂ ರಾತ್ರಿಯೆಲ್ಲ ರೋಗಿಗಳ ತಲೆದಿಂಬಿನ ಬಳಿ ನಿಂತು, ಬೆಳಿಗ್ಗೆ ಕಣ್ಣುರಿಯುತ್ತಾ ಮನೆಗೆ ಬರುವವಳಿಂದ. ಎರಡೂ ಒಂದೇನಾ? ಅವರ ಸುಳ್ಳಿಗೆ ತಲೆನೋವು ಬಂದದ್ದು ಅವರಿಗೆ. ನಿಮ್ಮ ಸುಳ್ಳಿಗೆ ಯಾರಿಗೆ ಬರುತ್ತದೆ?

ಸಹಿ ಮಾಡಿಲ್ಲ. ಕರಾರು ಪತ್ರದಲ್ಲಿ ಆ ಹೆಣ್ಣುಮಗಳ ವಿಳಾಸ ಇತ್ತು. ನಾನೇ ಅವಳಿಗೆ ನೇರವಾಗಿ ಬರೆದಿದ್ದೇನೆ. ಸಣ್ಣಪುಟ್ಟ ಕೆಲಸ ಅಲ್ಲ, ತಗಡಿನ ಕಾರ್ಖಾನೆ, ಹತ್ತರಿಂದ ಐದು, ಬಂದು ಕೇಳಿ ಆಮೇಲೆ ಕೊಂಡುಕೋ ಅಂತ. ನಿಮಗೆ ಹೇಳದೆ ಮಾಡಿದೆ ಅನ್ನಬಾರದು ಅಂತ ತಿಳಿಸುತ್ತಿದ್ದೇನೆ.

ಇತಿ

೨೬ ಏಪ್ರಿಲ್

ಮಾನ್ಯರೇ,

ಬುಧವಾರ ನರ್ಸಮ್ಮ ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡೇ ಬಂದರು. ಬಾಗಿಲು ತೆಗೆದೆ. ನಡುಮನೆಯವರೆಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ನನ್ನ ಮುಖ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮುಂಗಡ ವಾಪಸ್ ಕೊಟ್ಟಿದ್ದೇನೆ.

ನಾಲ್ಕು ತಿಂಗಳ ಓಡಾಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಮ್ಮ ಮನೆಯನ್ನು ನಾನು ಇನ್ನು ತೋರಿಸುವುದಿಲ್ಲ. ಕೀಲಿಕೈ ಎರಡೂ ಟೀಚರಮ್ಮನ ಹತ್ತಿರ ಇವೆ.

ಬ್ರೋಕರ್

೯ ಮೇ

ಬ್ರೋಕರ್ ಅವರೇ,

ಮಹಡಿ ಕೋಣೆ ಹೋಯಿತು. ಯಾರೋ ಹೊಸದಾಗಿ ಮದುವೆಯಾದವರು ಬಂದಿದ್ದಾರೆ. ಮೆಟ್ಟಿಲ ಮೇಲೆ ಗಿಡದ ಕುಂಡ ಇಟ್ಟಿದ್ದಾರೆ, ಎರಡಕ್ಕೆ ನೀರೇ ಹಾಕಿಲ್ಲ. ಹೋಗಿ ಹೇಳೋಣ ಅನ್ನಿಸಿತು, ಸುಮ್ಮನಾದೆ. ಬೇಜಾರಾಗಿದೆ. ಆಗಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕೆ ನಿಮ್ಮನ್ನು ದೂರಿ ಬರೆಯುತ್ತಿಲ್ಲ. ನಿಮ್ಮ ನಾಲ್ಕು ತಿಂಗಳು ಹಾಳಾದದ್ದೂ ನಿಜ.

ಒಂದು ಕೆಲಸ ಕೇಳುತ್ತೇನೆ. ಮಾರಾಟದ್ದಲ್ಲ. ಮಂಗಳವಾರ ಬಿಟ್ಟು ಯಾವುದಾದರೂ ದಿನ ಆ ನಡುಮನೆಯಲ್ಲಿ, ಕಿಟಕಿ ಪಕ್ಕದ ಮರದ ಕುರ್ಚಿಯಲ್ಲಿ, ಹತ್ತರಿಂದ ಐದರವರೆಗೆ ಕೂತು, ಏನು ಕೇಳಿಸಿತು ಅಂತ ನನಗೆ ಬರೆಯಿರಿ. ಅದು ಅವರು ಕೂರುತ್ತಿದ್ದ ಕುರ್ಚಿ. ಅವರು ಯಾವುದರಲ್ಲಿ ಕೂತಿದ್ದರು ಅಂತ ನನಗೆ ತಿಳಿಯಬೇಕು. ಪಕ್ಕದಲ್ಲೇ ಇದ್ದೂ ನನಗೆ ತಿಳಿಯಲಿಲ್ಲ.

ಟೀಚರಮ್ಮನನ್ನು ಕೇಳಬಹುದಿತ್ತು. ಅವರು ನನ್ನ ಮನಸ್ಸು ನೋಯಬಾರದು ಅಂತ "ಏನಿಲ್ಲ ಬಿಡಿ" ಅಂತಾರೆ. ನೀವು ನನ್ನ ಮೇಲೆ ಸಿಟ್ಟಾಗಿರುವವರು, ಇದ್ದದ್ದು ಇದ್ದ ಹಾಗೆ ಬರೆಯುತ್ತೀರಿ. ಇದಕ್ಕೆ ಕಮಿಷನ್ ಏನಾಗುತ್ತದೋ ಅದನ್ನೂ ಬರೆಯಿರಿ.

ಇತಿ

೨೪ ಮೇ

ಅಮ್ಮಾ,

ನಿಮ್ಮ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ನಿನ್ನೆ ಗುರುವಾರ ಟೀಚರಮ್ಮನ ಹತ್ತಿರ ಕೀಲಿಕೈ ಇಸಿದುಕೊಂಡು ಹೋದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಆ ಕುರ್ಚಿಯಲ್ಲಿ ಕೂತೆ.

ಹತ್ತಕ್ಕೆ ಸರಿಯಾಗಿ ತಗಡು ಕತ್ತರಿಸುವ ಮೆಷಿನ್ನು ಶುರುವಾಯಿತು. ತಗಡು ಸೀಳುವಾಗ ಹಲ್ಲಿನ ಬೇರೆಲ್ಲ ಜುಮ್ಮೆನ್ನುತ್ತದೆ. ಹತ್ತೂಕಾಲಿಗೆ ಅದರ ಜೊತೆ ಪ್ರೆಸ್ಸು. ನಿಮಿಷಕ್ಕೆ ಇಪ್ಪತ್ತೆರಡು ಏಟು ಹಾಕುತ್ತದೆ, ಎರಡು ಸಲ ಎಣಿಸಿದೆ. ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಉಸಿರು ಬಿಡೋಣ ಅನ್ನುವಷ್ಟರಲ್ಲಿ ಇನ್ನೊಂದು ಬೀಳುತ್ತದೆ. ಮೂಲೆ ಮಡಚುವ ನಾಲ್ಕು ಜನ ಸುತ್ತಿಗೆ ಹಿಡಿದುಕೊಂಡು ಕೂತ ಮೇಲೆ ಲೆಕ್ಕ ತಪ್ಪಿತು. ಪೇಪರ್ ತಂದಿದ್ದೆ, ಒಂದೇ ಸಾಲನ್ನು ಆರು ಸಲ ಓದಿದೆ. ಜೇಬಿನಲ್ಲಿ ಫೋನು ಹೊಡೆದುಕೊಂಡದ್ದು ಗೊತ್ತಾಗಲಿಲ್ಲ, ಹೆಂಡತಿ ಏಳು ಸಲ ಮಾಡಿದ್ದಳು. ಮೇಸ್ತ್ರಿ ಕಿಟಕಿಯ ಹತ್ತಿರ ಬಂದು ಏನೋ ಕೂಗಿದರು, ನಾನೂ ಕೂಗಿದೆ, ಇಬ್ಬರಿಗೂ ತಿಳಿಯಲಿಲ್ಲ. ಆಗ ಅನ್ನಿಸಿತು ಅಮ್ಮಾ, ಆ ಮನೆಯಲ್ಲಿ ಆ ಹೊತ್ತಿನಲ್ಲಿ ಕೂತು ಹರಟೆ ಹೊಡೆಯಲು ಸಾಧ್ಯವಿದ್ದದ್ದು ಈ ಲೋಕದಲ್ಲಿ ನಿಮ್ಮಿಬ್ಬರಿಗೇ.

ಐದರವರೆಗೆ ಕೂತೆ ಅಂತ ಬರೆಯಬಹುದಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ. ನಾನು ಕೂತದ್ದು ಹನ್ನೊಂದೂವರೆಯವರೆಗೆ. ಆಮೇಲೆ ಎದ್ದು ಹೊರಗೆ ಬಂದು ಟೀಚರಮ್ಮನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ನೀರು ಕೊಟ್ಟರು. ಕಿವಿಯಲ್ಲಿ ಸಂಜೆಯವರೆಗೂ ಗುಂಯ್ ಅನ್ನುತ್ತಿತ್ತು. ಒಂದೂವರೆ ಗಂಟೆ ಅಮ್ಮಾ, ಅಷ್ಟೇ ನನ್ನ ಕೈಲಿ ಆದದ್ದು. ಇದಕ್ಕೆ ಕಮಿಷನ್ ಇಲ್ಲ.

ಮೇಸ್ತ್ರಿ ಕೂಗಿದ್ದು ಏನು ಅಂತ ಆಮೇಲೆ ತಿಳಿಯಿತು. ಮನೆ ಅವರಿಗೆ ಬೇಕಂತೆ. ಈಗ ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಹಗಲೆಲ್ಲ ಅವರು ಕಾರ್ಖಾನೆಯಲ್ಲಿ, ಹೆಂಡತಿ ಅಂಗಡಿ ಕೆಲಸದಲ್ಲಿ, ಮನೆಗೆ ಬರುವ ಹೊತ್ತಿಗೆ ಮೆಷಿನ್ನು ನಿಂತಿರುತ್ತದೆ. "ನಮ್ಮ ಸದ್ದು ನಮಗೇನು ಸಾರ್" ಅಂದರು. ಬೆಲೆ ಮಾತ್ರ ನರ್ಸಮ್ಮ ಒಪ್ಪಿದ್ದಕ್ಕಿಂತ ಕಡಿಮೆ. ನೀವು ಒಪ್ಪಿದರೆ ಮುಂದುವರಿಸುತ್ತೇನೆ. ನಿಮಗೆ ಬೇರೆ ಬ್ರೋಕರ್ ಬೇಕಿದ್ದರೆ ಅದೂ ಸರಿ.

ಇತಿ ನಿಮ್ಮ,
ಬ್ರೋಕರ್

೨ ಜೂನ್

ತಮ್ಮಾ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ! ನಿಮಿಷಕ್ಕೆ ಇಪ್ಪತ್ತೆರಡು ಅಂದಿರಿ. ಕೈಬೆರಳಿನಿಂದ ಮಂಚದ ಮೇಲೆ ತಟ್ಟಿ ನೋಡಿದೆ, ಅಷ್ಟು ಬೇಗ ಬೀಳುತ್ತದೆ ಅಂತ ಅಂದುಕೊಂಡಿರಲಿಲ್ಲ. ಒಂದೂವರೆ ಗಂಟೆ ಕೂತಿರಲ್ಲ, ಅಷ್ಟು ಸಾಕು. ಐದರವರೆಗೆ ಕೂತೆ ಅಂತ ಬರೆದಿದ್ದರೆ ನಂಬುತ್ತಿರಲಿಲ್ಲ.

ಮೇಸ್ತ್ರಿಗೆ ಕೊಡಿ. ಕಡಿಮೆ ಬೆಲೆಗೇ ಕೊಡಿ. ಇಲ್ಲಿ ಎರಡು ಬೀದಿ ಆಚೆ ಒಂದು ಕೋಣೆ ಇದೆಯಂತೆ, ನೆಲಮಾಳಿಗೆಯ ಪಕ್ಕ, ಬಿಸಿಲು ಕಡಿಮೆ. ತಂಗಿ ಮೂಗು ಮುರಿಯುತ್ತಿದ್ದಾಳೆ. ನನ್ನ ಕಾಲು ದಾಟುವವರು ಇಲ್ಲದಿದ್ದರೆ ಆಯಿತು ಅಂದೆ.

ರಿಜಿಸ್ಟರ್ ಆಫೀಸಿನ ಕೆಲಸವನ್ನು ಗುರುವಾರಕ್ಕೆ ಇಟ್ಟುಕೊಳ್ಳಿ. ನಾನು ಮುಂಚಿನ ದಿನವೇ, ಬುಧವಾರ, ಬರುತ್ತೇನೆ. ಹತ್ತು ಗಂಟೆಗೆ ಮೊದಲು ಮನೆಯಲ್ಲಿರಬೇಕು, ಕೀಲಿಕೈ ತಯಾರಾಗಿರಲಿ. ಕುರ್ಚಿಯನ್ನು ಹಿತ್ತಿಲ ಗೋಡೆಗೆ ತಾಗಿಸಿ ಹಾಕಿಕೊಡಿ. ಗೋಡೆಗೆ ಎರಡೂ ಅಂಗೈ ಒತ್ತಿ ಕೂರುತ್ತೇನೆ. ಕಿವಿಗೆ ಬಾರದ್ದು ಕೈಗಾದರೂ ಬರುತ್ತದಲ್ಲ. ಐದು ಗಂಟೆಯವರೆಗೂ ಕೂರುವವಳು ನಾನು. ನೀವು ಹನ್ನೊಂದೂವರೆಗೆ ಎದ್ದು ಹೊರಗೆ ಹೋಗಿ, ನಾನೇನೂ ತಿಳಿದುಕೊಳ್ಳುವುದಿಲ್ಲ.

ಇತಿ,
ನಿಮ್ಮ ಅಕ್ಕ